ಗಾಲಿಯ ಮೇಲಿನ ಮನೆಗೊಂದು ನೆಟ್‌ವರ್ಕ್: ದಾರಿಯಲ್ಲಿ ಕಲಿತ ಒಂಬತ್ತು ಪಾಠಗಳು

ಅಮೆರಿಕದಲ್ಲಿ ಆರ್‌ವಿ ಎಂದರೆ ಅಡುಗೆಕಟ್ಟೆ, ಮಂಚ, ಬಚ್ಚಲು ಎಲ್ಲವೂ ಇರುವ, ಗಾಲಿಯ ಮೇಲಿನ ಮನೆ. ಕೆಲವಕ್ಕೆ ಸ್ವಂತ ಎಂಜಿನ್ ಇರುತ್ತದೆ. ನಮ್ಮದು ಪಿಕಪ್ ಟ್ರಕ್ಕಿನ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್. ನಾನೂ ಹೆಂಡತಿಯೂ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಎಲ್ಲಿ ಕೂತು ಮಾಡಿದರೂ ನಡೆಯುವ ಕೆಲಸ ಎಂದಾದ ಮೇಲೆ, ಮಕ್ಕಳ ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಹೊರಗಿರತೊಡಗಿದೆವು. ಬೆಳಗ್ಗೆ ಮೀಟಿಂಗು, ಸಂಜೆ ಬೆಟ್ಟ, ರಾತ್ರಿ ಎಂಟಕ್ಕೆ ಶಿವಮೊಗ್ಗದ ಅಮ್ಮನಿಗೆ ವಿಡಿಯೊ ಕಾಲ್. ಅಲ್ಲಿ ಆಗ ಮರುದಿನ ಬೆಳಗಿನ ಎಂಟೂವರೆ. ಇಷ್ಟೂ ನಡೆಯಬೇಕಾದರೆ ಟ್ರೇಲರಿನೊಳಗೆ ಮನೆಯಲ್ಲಿರುವಂಥದೇ ಒಂದು ನೆಟ್‌ವರ್ಕ್ ಬೇಕು. ದಿನವಿಡೀ ಕಂಪ್ಯೂಟರುಗಳ ನಡುವೆಯೇ ಇರುವವನಾದ್ದರಿಂದ ಇದೊಂದು ವಾರಾಂತ್ಯದ ಕೆಲಸ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಕೆಳಗಿನ ಪಾಠಗಳಲ್ಲಿ ಹೆಚ್ಚಿನವು ಕೆಟ್ಟು ಕಲಿತವು. ನಿಮ್ಮ ಗಾಡಿ ಬೇರೆ, ನಿಮ್ಮ ದಾರಿ ಬೇರೆ ಇರಬಹುದು. ಒಗ್ಗುವುದನ್ನಷ್ಟೇ ತೆಗೆದುಕೊಳ್ಳಿ.

1. ಮೊದಲು ಒಳಗಿನ ನೆಟ್‌ವರ್ಕ್, ಆಮೇಲೆ ಹೊರಗಿನ ಸಂಪರ್ಕ.

ಮೊದಮೊದಲು ನಾನು ಯೋಚಿಸುತ್ತಿದ್ದುದೆಲ್ಲ ಇಂಟರ್‌ನೆಟ್ ಎಲ್ಲಿ ಸಿಗುತ್ತದೆ ಎಂದಷ್ಟೇ. ಗಾಡಿ ನಿಲ್ಲಿಸಿ ತಂಗುವ ಪ್ರತಿ ಕ್ಯಾಂಪ್‌ಗ್ರೌಂಡಿನಲ್ಲೂ ಲ್ಯಾಪ್‌ಟಾಪು, ಫೋನು, ಮಕ್ಕಳ ಟ್ಯಾಬ್ಲೆಟ್ಟು, ಟಿವಿ, ಪ್ರಿಂಟರು ಒಂದೊಂದನ್ನೂ ಅಲ್ಲಿನ ವೈಫೈಗೆ ಸೇರಿಸಬೇಕು. ಹೆಸರು, ಸೈಟ್ ನಂಬರು ಕೇಳುವ ಪುಟ ಟಿವಿಯಲ್ಲಿ ತೆರೆಯುವುದೇ ಇಲ್ಲ. ಮುಂದಿನ ಊರಿನಲ್ಲಿ ಮತ್ತೆ ಎಲ್ಲ ಮೊದಲಿನಿಂದ. ಆಮೇಲೆ ಒಂದು ಚಿಕ್ಕ ಟ್ರಾವೆಲ್ ರೌಟರ್ ತಂದು, ಅದರ ವೈಫೈಗೆ ನಮ್ಮ ಮನೆಯ ವೈಫೈನ ಹೆಸರು, ಪಾಸ್‌ವರ್ಡುಗಳನ್ನೇ ಇಟ್ಟೆ. ಅಂದಿನಿಂದ ಟ್ರೇಲರಿನೊಳಗಿನ ಯಾವ ಸಾಧನಕ್ಕೂ ಊರು ಬದಲಾದದ್ದು ಗೊತ್ತಾಗುವುದಿಲ್ಲ. ಊರಿನ ಮನೆಗಳಲ್ಲಿ ತೊಟ್ಟಿಗೆ ನೀರು ಬಾವಿಯಿಂದ ಬರಲಿ, ಬೋರ್‌ವೆಲ್ಲಿನಿಂದ ಬರಲಿ, ಟ್ಯಾಂಕರಿನಿಂದ ಬರಲಿ, ಒಳಗಿನ ನಲ್ಲಿಗಳು ಹೇಗಿದ್ದವೋ ಹಾಗೇ ಇರುತ್ತವಲ್ಲ, ಅದೇ ಕ್ರಮ ಇದು. ಹೊರಗಿನ ಸಂಪರ್ಕ ಕ್ಯಾಂಪ್‌ಗ್ರೌಂಡಿನ ವೈಫೈಯೋ, ಸಿಮ್ಮೋ, ಉಪಗ್ರಹವೋ ಎಂಬುದನ್ನು ರೌಟರ್ ಒಂದೇ ನೋಡಿಕೊಂಡರೆ ಸಾಕು. ಹೆಸರು, ಸೈಟ್ ನಂಬರಿನ ಆ ಪುಟವನ್ನೂ ಒಂದು ಲ್ಯಾಪ್‌ಟಾಪಿನಿಂದ ಒಮ್ಮೆ ತುಂಬಿದರೆ ಸಾಮಾನ್ಯವಾಗಿ ಎಲ್ಲಕ್ಕೂ ಆಯಿತು.

ಇಲ್ಲೊಂದು ಎಡವಟ್ಟು ನನ್ನ ಇಡೀ ಸಂಜೆಯನ್ನು ತಿಂದಿತು. ರೌಟರಿನ ಒಳವಿಳಾಸವನ್ನು ನಾನು 192.168.1.1 ಎಂದೇ ಬಿಟ್ಟಿದ್ದೆ. ಆ ಕ್ಯಾಂಪ್‌ಗ್ರೌಂಡಿನ ರೌಟರಿನ ವಿಳಾಸವೂ ಅದೇ. ಒಳಗೂ ಹೊರಗೂ ಒಂದೇ ವಿಳಾಸದ ಸರಣಿಯಾದರೆ ಯಾವ ಕಡೆಗೆ ಕಳಿಸಬೇಕೆಂದು ರೌಟರಿಗೆ ತಿಳಿಯುವುದಿಲ್ಲ. ಸಿಗ್ನಲ್ ಪೂರ್ತಿ ಇತ್ತು, ಇಂಟರ್‌ನೆಟ್ ಇರಲಿಲ್ಲ. ಹೊರಡುವ ಮೊದಲೇ 192.168.77.1ರಂಥ, ಯಾರೂ ಸುಲಭಕ್ಕೆ ಇಡದ ವಿಳಾಸ ಕೊಟ್ಟುಬಿಡಿ.

2. ಕ್ಯಾಂಪ್‌ಗ್ರೌಂಡಿನ ವೈಫೈ ಸಿಕ್ಕರೆ ಸಂತೋಷ, ಅದನ್ನೇ ನಂಬಿ ಹೊರಡಬೇಡಿ.

ಫೋನಿನ ಮೇಲೆ ಕಾಣುವ ವೈಫೈ ಕಡ್ಡಿಗಳು ಹೇಳುವುದು ಹತ್ತಿರದ ಕಂಬದ ತನಕದ ಕಥೆಯನ್ನು ಮಾತ್ರ. ಆ ಕಂಬದಿಂದಾಚೆ ಇಡೀ ಕ್ಯಾಂಪ್‌ಗ್ರೌಂಡಿಗೆ ಎಷ್ಟು ಅಗಲದ ಸಂಪರ್ಕವಿದೆ ಎಂಬುದನ್ನು ಅವು ಹೇಳುವುದಿಲ್ಲ. ಒಮ್ಮೆ ಮಧ್ಯಾಹ್ನ ಬಂದಿಳಿದು, ವೇಗ ಅಳೆದು, ನಾಳೆಯ ಮೀಟಿಂಗಿಗೆ ಇದು ಸಾಕು ಎಂದು ನಿಶ್ಚಿಂತೆಯಿಂದ ಇದ್ದೆ. ಸಂಜೆ ಎಲ್ಲರೂ ಒಲೆಯ ಸುತ್ತಲಿನಿಂದ ಒಳಬಂದು ಸಿನಿಮಾ ಹಚ್ಚಿದ ಮೇಲೆ ಅಮ್ಮನ ಮುಖ ಪರದೆಯ ಮೇಲೆ ಕದಲಲೇ ಇಲ್ಲ. ಆಮೇಲಿನಿಂದ ಸಂಜೆ ಎಂಟರ ಸುಮಾರಿಗೆ ಅಳೆದ ವೇಗವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಇನ್ನೊಂದು ಮಾತು ರೇಡಿಯೊದ ಬಗ್ಗೆ. 2.4 ಗಿಗಾಹರ್ಟ್ಸ್ ತರಂಗ ದೂರ ಹೋಗುತ್ತದೆ, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6, 11 ಎಂದು ಮೂರೇ. ಅಕ್ಕಪಕ್ಕದ ಹತ್ತಾರು ಟ್ರೇಲರುಗಳ ರೌಟರುಗಳೂ ಅವನ್ನೇ ಹಂಚಿಕೊಳ್ಳಬೇಕು. ಅದಕ್ಕೇ ಹೊರಗಿನ ವೈಫೈ ಹಿಡಿಯಲು ಮಾತ್ರ 2.4 ಬಳಸಿ, ಒಳಗಿನ ಸಾಧನಗಳಿಗೆಲ್ಲ 5 ಗಿಗಾಹರ್ಟ್ಸ್ ಕೊಟ್ಟೆ. ಟ್ರೇಲರಿನ ಉದ್ದಕ್ಕೆ ಅದು ಧಾರಾಳ ಸಾಕು. ಎರಡಕ್ಕೂ ಒಂದೇ ರೇಡಿಯೊ ಬಳಸಿದ್ದಾಗ ವೇಗ ಸರಿಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಪಾಸ್‌ವರ್ಡ್ ಇಲ್ಲದ ವೈಫೈಯಾದರೆ ರೌಟರಿನಲ್ಲೇ ವಿಪಿಎನ್ ಹಾಕಿಕೊಳ್ಳುವುದು ಒಳ್ಳೆಯದು.

3. ಗೋಡೆ ತಗಡಿನದು ಎಂಬುದನ್ನು ನೆನಪಿಡಿ.

ಹೊರಗೆ ಕುರ್ಚಿ ಹಾಕಿ ಕೂತಾಗ ಚೆನ್ನಾಗಿ ನಡೆಯುವ ಫೋನು ಒಳಗೆ ಬಂದೊಡನೆ ಸತ್ತಂತಾಗುತ್ತಿತ್ತು. ಬಹಳಷ್ಟು ಟ್ರೇಲರುಗಳ ಮೈ ಅಲ್ಯೂಮಿನಿಯಂ ತಗಡು. ಫೈಬರ್‌ಗ್ಲಾಸ್ ಮೈಯವಕ್ಕೂ ಒಳಗೆ ಲೋಹದ ಚೌಕಟ್ಟು ಇರುತ್ತದೆ. ರೇಡಿಯೊ ತರಂಗ ಲೋಹವನ್ನು ದಾಟುವುದಿಲ್ಲ. ಆದ್ದರಿಂದ ಆಂಟೆನಾ ಹೊರಗಿರಬೇಕು, ರೌಟರ್ ಒಳಗಿರಬೇಕು.

ಇದನ್ನು ಅರಿಯುವ ಮೊದಲು ಒಂದು ಸಿಗ್ನಲ್ ಬೂಸ್ಟರಿಗೆ ಸಾಕಷ್ಟು ಹಣ ಕೊಟ್ಟಿದ್ದೆ. ಬೂಸ್ಟರ್ ಕೆಟ್ಟ ವಸ್ತುವಲ್ಲ, ಮಾತಿನ ಕರೆಗೆ ಅದರಿಂದ ಉಪಕಾರವಾಯಿತು. ಆದರೆ ಇಂದಿನ 4ಜಿ, 5ಜಿ ರೌಟರುಗಳು ಎರಡು ಅಥವಾ ನಾಲ್ಕು ಆಂಟೆನಾಗಳಿಂದ ಏಕಕಾಲಕ್ಕೆ ಬೇರೆಬೇರೆ ಡೇಟಾ ಎಳೆಗಳನ್ನು ಹಿಡಿದು ವೇಗ ಪಡೆಯುತ್ತವೆ. ಸಾಮಾನ್ಯ ಬೂಸ್ಟರ್ ಒಂದೇ ಎಳೆಯನ್ನು ಜೋರು ಮಾಡುತ್ತದೆ. ಅದನ್ನು ಹಚ್ಚಿದಾಗ ಕಡ್ಡಿ ಏರಿ ವೇಗ ಇಳಿದದ್ದನ್ನು ನಾನೇ ನೋಡಿದ್ದೇನೆ. ಅಮೆರಿಕದಲ್ಲಿ ಬೂಸ್ಟರ್ ಬಳಸುವವರು ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯ ಮಾನ್ಯತೆ ಇರುವುದನ್ನೇ ಕೊಂಡು, ಮೊಬೈಲ್ ಕಂಪನಿಯಲ್ಲಿ ನೋಂದಾಯಿಸಲೂ ಬೇಕು. ಕೊನೆಗೆ ಚಾವಣಿಯ ಮೇಲೆ ರೌಟರಿಗೆ ನೇರವಾಗಿ ಸೇರುವ ಆಂಟೆನಾ ಹಾಕಿದಾಗ ಸಮಸ್ಯೆ ತಿಳಿಯಾಯಿತು. ಆಗಲೂ ನಡುವಿನ ಕೇಬಲ್ ಉದ್ದ ಬಿಟ್ಟಿದ್ದು ತಪ್ಪಾಗಿತ್ತು. 3 ಡೆಸಿಬೆಲ್ ನಷ್ಟ ಎಂದರೆ ಸಿಗ್ನಲಿನ ಅರ್ಧ ಶಕ್ತಿ ಹೋದಂತೆ, ಮತ್ತು ತೆಳು ಕೇಬಲ್ಲು ಕೆಲವೇ ಮೀಟರಿನಲ್ಲಿ ಅಷ್ಟನ್ನು ತಿನ್ನುತ್ತದೆ. ರೌಟರನ್ನು ಆಂಟೆನಾದ ನೇರ ಕೆಳಗಿನ ಕಪಾಟಿಗೆ ಸರಿಸಿ ಕೇಬಲ್ ಗಿಡ್ಡ ಮಾಡಿದೆ.

4. ಕಡ್ಡಿ ಎಣಿಸಬೇಡಿ, ಅಂಕಿ ಓದಿ.

ಅರಿಜೋನಾದ ಕ್ವಾರ್ಟ್ಸೈಟ್ ಎಂಬ ಮರುಭೂಮಿಯ ಸಣ್ಣ ಊರಿಗೆ ಜನವರಿಯಲ್ಲಿ ದೇಶದ ಮೂಲೆಮೂಲೆಯಿಂದ ಆರ್‌ವಿಗಳು ಬಂದು ಸೇರುತ್ತವೆ. ಒಮ್ಮೆ ನಾವೂ ಅಲ್ಲಿಗೆ ಹೋಗಿದ್ದೆವು. ಸುತ್ತ ಬಯಲು, ಮೊಬೈಲ್ ಗೋಪುರ ಕಣ್ಣಿಗೆ ಕಾಣುತ್ತಿದೆ, ಫೋನಿನಲ್ಲಿ ಕಡ್ಡಿ ಪೂರ್ತಿ. ಒಂದು ಇಮೇಲ್ ಹೋಗಲಿಲ್ಲ. ನಾನು ಆಂಟೆನಾ ತಿರುಗಿಸಿದೆ, ರೌಟರ್ ಆರಿಸಿ ಹಚ್ಚಿದೆ, ಸಿಮ್ ತೆಗೆದು ಹಾಕಿದೆ. ತಪ್ಪು ನಮ್ಮ ಸಾಧನದಲ್ಲಿ ಇರಲೇ ಇಲ್ಲ. ಸಣ್ಣ ಊರಿಗೆಂದು ಕಟ್ಟಿದ ಗೋಪುರಕ್ಕೆ ಒಂದು ನಗರದ ಜನ ಆತುಕೊಂಡಿದ್ದರು.

ರೌಟರಿನ ಒಳಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂಬ ಅಂಕಿ ಇರುತ್ತದೆ, ಅದು ಗೋಪುರದ ಸಿಗ್ನಲ್ ಎಷ್ಟು ಬಲವಾಗಿ ತಲುಪಿದೆ ಎಂಬುದರ ಅಳತೆ. ಮೈನಸ್ 80ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 110ರ ಕಡೆಗೆ ಜಾರಿದರೆ ಕಷ್ಟ. ಪಕ್ಕದಲ್ಲಿ ಎಸ್‌ಐಎನ್‌ಆರ್ ಇರುತ್ತದೆ, ಅದು ಗದ್ದಲದ ನಡುವೆ ಮಾತು ಎಷ್ಟು ಸ್ಪಷ್ಟ ಎಂದು ಹೇಳುತ್ತದೆ. ಮೊದಲನೆಯದು ಕೆಟ್ಟಿದ್ದರೆ ಆಂಟೆನಾದಿಂದ ಪ್ರಯೋಜನ ಉಂಟು. ಎರಡೂ ಚೆನ್ನಾಗಿದ್ದೂ ವೇಗವಿಲ್ಲದಿದ್ದರೆ ಗೋಪುರದಲ್ಲೇ ಜನಜಂಗುಳಿ. ಅದಕ್ಕೆ ಮದ್ದು ಇನ್ನೊಂದು ಕಂಪನಿಯ ಸಿಮ್, ಅಥವಾ ಬೆಳಗಿನ ಜಾವದ ಕೆಲಸ. ನಾವೀಗ ಎರಡು ಬೇರೆ ಕಂಪನಿಗಳ ಸಿಮ್ ಇಟ್ಟುಕೊಂಡಿದ್ದೇವೆ. ಆಂಟೆನಾಕ್ಕಿಂತ ಹೆಚ್ಚು ಸಲ ನಮ್ಮನ್ನು ಕಾಪಾಡಿದ್ದು ಆ ಎರಡನೆಯ ಸಿಮ್.

5. ವಾಟ್ ಲೆಕ್ಕ ಮಾಡದೆ ಯಾವುದನ್ನೂ ಕೊಳ್ಳಬೇಡಿ.

ಕರೆಂಟಿನ ಕಂಬವಿರುವ ಕ್ಯಾಂಪ್‌ಗ್ರೌಂಡಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಕಾಡಿನಲ್ಲಿ, ಮರುಭೂಮಿಯಲ್ಲಿ ಬ್ಯಾಟರಿ ಒಂದೇ ಆಧಾರ. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 1,280 ವಾಟ್-ಅವರ್. ಉಪಗ್ರಹದ ಮೂಲಕ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕಿನ ದೊಡ್ಡ ಆಂಟೆನಾ ಮಾದರಿಗೆ ತಕ್ಕಂತೆ 50ರಿಂದ 100 ವಾಟ್ ಕೇಳುತ್ತದೆ. 60 ಎಂದೇ ಹಿಡಿದರೂ ದಿನಕ್ಕೆ 1,440. ಅಂದರೆ ತುಂಬಿದ ಬ್ಯಾಟರಿ ಇಂಟರ್‌ನೆಟ್ಟಿಗೇ ಒಂದು ದಿನ ಸಾಲದು. ಫ್ರಿಜ್ಜು, ದೀಪ, ಹೀಟರಿನ ಫ್ಯಾನು ಆಮೇಲಿನ ಮಾತು. ಈ ಗುಣಾಕಾರವನ್ನು ನಾನು ಮಾಡಿದ್ದು ನಡುರಾತ್ರಿ ಹೀಟರ್ ನಿಂತು ಮಕ್ಕಳು ಚಳಿಗೆ ಎದ್ದ ಮೇಲೆ. ಎಲ್ಲಕ್ಕಿಂತ ಹೆಚ್ಚು ನೊಂದುಕೊಂಡ ತಪ್ಪು ಇದೇ.

ಈಗ ರಾತ್ರಿ ಉಪಗ್ರಹದ ಆಂಟೆನಾ ಆರಿಸುತ್ತೇವೆ. ರೌಟರಿಗೆ ಬೇಕಾದದ್ದು ಹತ್ತು ವಾಟಿನ ಆಸುಪಾಸು, ಅದು ಉಳಿಯುತ್ತದೆ. 12 ವೋಲ್ಟ್ ಬ್ಯಾಟರಿಯ ವಿದ್ಯುತ್ತನ್ನು ಇನ್ವರ್ಟರಿನಿಂದ 120 ವೋಲ್ಟಿಗೆ ಏರಿಸಿ, ಮತ್ತೆ ಅಡಾಪ್ಟರಿನಿಂದ 12ಕ್ಕೆ ಇಳಿಸುವುದರಲ್ಲಿ ಎರಡು ಕಡೆ ಸೋರಿಕೆ. ಇನ್ವರ್ಟರ್ ಸುಮ್ಮನೆ ಹೊತ್ತಿಕೊಂಡಿರುವುದಕ್ಕೂ ಬ್ಯಾಟರಿ ಖರ್ಚಾಗುತ್ತದೆ. ನೇರ 12 ವೋಲ್ಟಿನಿಂದ ನಡೆಯುವುದನ್ನು ನೇರವಾಗಿಯೇ ನಡೆಸಿ. 2024ರಲ್ಲಿ ಬಂದ ಸ್ಟಾರ್‌ಲಿಂಕ್ ಮಿನಿ 12ರಿಂದ 48 ವೋಲ್ಟ್ ನೇರ ವಿದ್ಯುತ್ತಿನಲ್ಲಿ ನಡೆಯುತ್ತದೆ, 25ರಿಂದ 40 ವಾಟಿನಲ್ಲಿ ತೃಪ್ತವಾಗುತ್ತದೆ. ಟ್ರೇಲರಿನವರಿಗೆ ಇದು ದೊಡ್ಡ ವ್ಯತ್ಯಾಸ.

ನೇರ ಎಂದಾಗ ಒಂದು ಎಚ್ಚರಿಕೆ. ‘12 ವೋಲ್ಟ್’ ಬ್ಯಾಟರಿ ಚಾರ್ಜ್ ಆಗುವಾಗ 14.4ರ ತನಕ ಏರುತ್ತದೆ, ಭಾರ ಬಿದ್ದಾಗ 12ಕ್ಕಿಂತ ಕೆಳಗೆ ಕುಸಿಯುತ್ತದೆ. ಯಾರಾದರೂ ನಲ್ಲಿ ತಿರುಗಿಸಿ ನೀರಿನ ಪಂಪು ಓಡಿತೆಂದರೆ ನಮ್ಮ ರೌಟರ್ ಆರಿ ಹತ್ತುತ್ತಿತ್ತು. ಕಾರಣ ಹೊಳೆಯಲು ಬಹಳ ದಿನ ಹಿಡಿಯಿತು. ನಡುವೆ 12 ವೋಲ್ಟನ್ನು ಸ್ಥಿರವಾಗಿ ಕೊಡುವ ಡಿಸಿ ಕನ್ವರ್ಟರ್ ಹಾಕಿದ ಮೇಲೆ ನಿಂತಿತು. ಬ್ಯಾಟರಿಯಿಂದ ಎಳೆದ ಪ್ರತಿ ತಂತಿಗೂ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಇದರಲ್ಲಿ ರಿಯಾಯಿತಿ ಬೇಡ.

6. ಉಪಗ್ರಹಕ್ಕೆ ತೆರೆದ ಆಕಾಶ ಬೇಕು.

ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತ ಹಳೆಯ ಬಗೆಯ ಉಪಗ್ರಹಗಳಿಂದ ಮಾತು ಹೋಗಿ ಬರುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಮಿಗಿಲು. ಸ್ಟಾರ್‌ಲಿಂಕಿನವು ಸುಮಾರು 550 ಕಿಲೋಮೀಟರಿನಲ್ಲಿ ಓಡಾಡುವುದರಿಂದ ವಿಡಿಯೊ ಕರೆ ಸಲೀಸು. ಆದರೆ ಅವು ಓಡುತ್ತಲೇ ಇರುತ್ತವೆ, ಆಂಟೆನಾ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಇರಬೇಕು. ಹೀಗಾಗಿ ತಲೆಯ ಮೇಲೆ ಒಂದು ಕಿಂಡಿ ಸಾಲದು, ಅಗಲವಾದ ಆಕಾಶ ಬೇಕು.

ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ಕೆಲವು ಮರಗಳು 100 ಮೀಟರನ್ನೂ ದಾಟಿ ನಿಂತಿವೆ. ಅಲ್ಲಿ ಡೌನ್‌ಲೋಡು ಹೇಗೋ ಆಗುತ್ತಿತ್ತು, ಮೀಟಿಂಗಿನಲ್ಲಿ ಮಾತ್ರ ನನ್ನ ದನಿ ಪದೇಪದೇ ತುಂಡಾಗುತ್ತಿತ್ತು. ಕೆಲವೇ ಸೆಕೆಂಡಿನ ಕಡಿತವನ್ನು ಫೈಲು ತಡೆದುಕೊಳ್ಳುತ್ತದೆ, ಸಂಭಾಷಣೆ ತಡೆದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಟ್ರೇಲರಿಗೆ ನೆರಳು ಬೇಕು, ಆಂಟೆನಾಕ್ಕೆ ಬಯಲು ಬೇಕು. ಆಂಟೆನಾವನ್ನು ಚಾವಣಿಗೆ ಶಾಶ್ವತವಾಗಿ ಬಿಗಿದುಬಿಟ್ಟರೆ ಎರಡರಲ್ಲಿ ಒಂದನ್ನು ಬಿಡಲೇಬೇಕಾಗುತ್ತದೆ. ಉದ್ದನೆಯ ಕೇಬಲ್ಲು, ನೆಲದ ಮೇಲಿಡುವ ಕಾಲು ಇದ್ದರೆ ಎರಡೂ ಸಿಗುತ್ತವೆ. ಜಾಗ ಆರಿಸುವಾಗ ಆ್ಯಪಿನಲ್ಲಿ ಫೋನನ್ನು ಆಕಾಶಕ್ಕೆ ಹಿಡಿದು ಅಡಚಣೆ ನೋಡಬಹುದು. ಗಾಡಿ ನಿಲ್ಲಿಸಿ ಮಟ್ಟ ಮಾಡುವ ಮೊದಲೇ ಅದನ್ನು ಮಾಡಿ.

7. ಇದು ಮನೆಯೂ ಹೌದು, ದಿನಾ ಕುಲುಕುವ ಗಾಡಿಯೂ ಹೌದು.

ಮನೆಯಲ್ಲಿ ವರ್ಷಗಟ್ಟಲೆ ಮುಟ್ಟದೆ ನಡೆಯುವ ಸಾಧನ ಇಲ್ಲಿ ಜಲ್ಲಿರಸ್ತೆಯ ಒಂದೇ ದಿನಕ್ಕೆ ಸೋಲಬಹುದು. ಫೋಟೊಗಳನ್ನೆಲ್ಲ ಇಟ್ಟಿದ್ದ ತಿರುಗುವ ಹಾರ್ಡ್‌ಡಿಸ್ಕ್ ಕೆಟ್ಟಿತು. ಇನ್ನೊಂದು ಪ್ರತಿ ಮನೆಯಲ್ಲಿದ್ದುದರಿಂದ ಫೋಟೊ ಉಳಿದವು. ಈಗ ಒಳಗೆ ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಮಾತ್ರ. ನೆಟ್‌ವರ್ಕ್ ಕೇಬಲ್ಲಿನ ತುದಿಗಳೂ ಕುಲುಕಾಟಕ್ಕೆ ಸಡಿಲವಾಗುತ್ತವೆ. ಪ್ರತಿ ಒಂದೆರಡು ಅಡಿಗೆ ಕೇಬಲನ್ನು ಗೋಡೆಗೆ ಬಿಗಿದು, ತುದಿಯಲ್ಲಿ ಸ್ವಲ್ಪ ಸಡಿಲು ಬಿಡಿ.

ಬಿಸಿಯೂ ಅಷ್ಟೇ. ಚಾವಣಿಗೆ ತಾಗಿದ ಕಪಾಟಿನಲ್ಲಿ ಬೇಸಿಗೆಯ ಮಧ್ಯಾಹ್ನ ರೌಟರ್ ಕಾದು ನಿಧಾನವಾಗುತ್ತಿತ್ತು. ಬಾಗಿಲಿಗೆ ಗಾಳಿಕಿಂಡಿ ಕೊರೆದ ಮೇಲೆ ಸರಿಹೋಯಿತು. ಇನ್ನು ನೀರು. ಕೇಬಲ್ ಇಳಿಸಲು ಚಾವಣಿಗೆ ನಾನೇ ರಂಧ್ರ ಕೊರೆದು, ಕೈಗೆ ಸಿಕ್ಕ ಸಿಲಿಕೋನ್ ಹಚ್ಚಿದ್ದೆ. ರಬ್ಬರ್ ಹೊದಿಕೆಯ ಚಾವಣಿಗೆ ಅದು ಸರಿಯಾಗಿ ಅಂಟುವುದಿಲ್ಲ, ಅದಕ್ಕೆಂದೇ ಬೇರೆ ಸೀಲೆಂಟ್ ಇದೆ. ಮಳೆಗಾಲ ಕಳೆದ ಮೇಲೆ ಗೋಡೆಯೊಳಗಿನ ಪ್ಲೈವುಡ್ ಮೆತ್ತಗಾಗಿರುವುದು ಗೊತ್ತಾಯಿತು. ನೆಟ್‌ವರ್ಕಿಗೆ ಹಾಕಿದ್ದಕ್ಕಿಂತ ಹೆಚ್ಚು ಹಣ ಆ ರಿಪೇರಿಗೆ ಹೋಯಿತು. ಗ್ಯಾಸ್ ಫ್ರಿಜ್ಜಿರುವ ಟ್ರೇಲರುಗಳಲ್ಲಿ ಫ್ರಿಜ್ಜಿನ ಹಿಂದಿನಿಂದ ಚಾವಣಿಗೆ ಏರುವ ಗಾಳಿದಾರಿ ಇರುತ್ತದೆ. ಬಿಸಿಯಾಗುವ ಭಾಗದಿಂದ ದೂರವಿಟ್ಟು ಅದರಲ್ಲೇ ಕೇಬಲ್ ಇಳಿಸಿದರೆ ಹೊಸ ರಂಧ್ರವೇ ಬೇಡ.

8. ಇಂಟರ್‌ನೆಟ್ ಇಲ್ಲದ ದಿನಕ್ಕೂ ನೆಟ್‌ವರ್ಕ್ ಬೇಕು. ಇರುವ ದಿನ ಅದರ ಖರ್ಚು ಕಾಣುತ್ತಿರಬೇಕು.

ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕಿನಲ್ಲಿ ರೇಡಿಯೊ ದೂರದರ್ಶಕಕ್ಕೆ ಅಡ್ಡಿಯಾಗದಿರಲೆಂದು 1958ರಿಂದಲೇ ಸುತ್ತಲಿನ ಸುಮಾರು 13,000 ಚದರ ಮೈಲಿ ರೇಡಿಯೊ ನಿಶ್ಶಬ್ದ ವಲಯ. ದೂರದರ್ಶಕದ ಹತ್ತಿರ ವೈಫೈಗೂ ನಿರ್ಬಂಧಗಳಿವೆ. ಅದಕ್ಕೆ ತಲೆಬಾಗುವುದೇ ಸರಿ. ಮಿಕ್ಕ ಕಡೆ ಹೊರಗಿನ ಸಂಪರ್ಕ ಇಲ್ಲದಿದ್ದರೂ ಒಳಗಿನದು ಕೆಲಸ ಮಾಡಬೇಕು. ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರಿಗೆ ಎಸ್‌ಎಸ್‌ಡಿ ಸೇರಿಸಿ ಕನ್ನಡ ಸಿನಿಮಾ, ಹಾಡು, ಮಕ್ಕಳ ಪುಸ್ತಕ ತುಂಬಿಸಿಟ್ಟಿದ್ದೇವೆ. ಯಾವ ಟ್ಯಾಬ್ಲೆಟ್ಟಿನಿಂದಲೂ ನೋಡಬಹುದು. ಕ್ಯಾಮೆರಾದ ಫೋಟೊಗಳೂ ಸಂಜೆ ಅಲ್ಲಿಗೇ ಇಳಿಯುತ್ತವೆ. ದಾರಿಯ ನಕ್ಷೆ ಮಾತ್ರ ಪ್ರತಿಯೊಬ್ಬರ ಫೋನಿನಲ್ಲೂ ಮೊದಲೇ ಇಳಿಸಿಕೊಂಡಿರಬೇಕು.

ಖರ್ಚಿನ ಪಾಠ ಬೇರೆ ರೀತಿಯಲ್ಲಿ ಬಂತು. ಒಂದು ಸಂಪರ್ಕ ಕಡಿದರೆ ರೌಟರ್ ತಾನಾಗಿ ಇನ್ನೊಂದಕ್ಕೆ ಹೋಗುವಂತೆ ಮಾಡಿದ್ದೆ. ಅದು ಎಷ್ಟು ನಯವಾಗಿ ನಡೆಯಿತೆಂದರೆ ಕ್ಯಾಂಪ್‌ಗ್ರೌಂಡಿನ ವೈಫೈ ಬಿದ್ದು ಸಿಮ್ ಹಿಡಿದದ್ದು ಯಾರಿಗೂ ತಿಳಿಯಲಿಲ್ಲ. ರಾತ್ರಿಯಿಡೀ ಲ್ಯಾಪ್‌ಟಾಪುಗಳ ಅಪ್‌ಡೇಟು, ಫೋಟೊಗಳ ಬ್ಯಾಕಪ್ಪು ಆ ತಿಂಗಳ ಡೇಟಾವನ್ನೆಲ್ಲ ಮುಗಿಸಿದವು. ಈಗ ಸಿಮ್ಮಿಗೆ ಬದಲಾದೊಡನೆ ಫೋನಿಗೆ ಸಂದೇಶ ಬರುತ್ತದೆ, ಬ್ಯಾಕಪ್ಪಿಗೆ ಆ ದಾರಿ ಮುಚ್ಚಿದೆ.

9. ಮನೆಯ ಎಲ್ಲರಿಗೂ ನಡೆಸಲು ಬರುವಂತಿರಲಿ.

ನಾನು ಟ್ರಕ್ಕು ತೆಗೆದುಕೊಂಡು ದಿನಸಿ ತರಲು ಹೋಗಿದ್ದಾಗ ಸಂಪರ್ಕ ಕಡಿಯಿತು. ಹೆಂಡತಿಗೆ ಅಂದು ಮುಖ್ಯವಾದ ಮೀಟಿಂಗ್ ಇತ್ತು. ಕಪಾಟು ತೆರೆದರೆ ಒಂದೇ ಬಣ್ಣದ ತಂತಿಗಳು, ಒಂದೇ ಥರದ ಡಬ್ಬಿಗಳು. ಯಾವುದರ ಮೇಲೂ ಹೆಸರಿಲ್ಲ. ಪಾಸ್‌ವರ್ಡ್ ನನ್ನ ತಲೆಯಲ್ಲಿತ್ತು. ಒಬ್ಬನಿಗೆ ಮಾತ್ರ ಅರ್ಥವಾಗುವ ವ್ಯವಸ್ಥೆಯಿಂದ ಮನೆಯವರಿಗೆ ಉಪಯೋಗವಿಲ್ಲ ಎಂದು ಅವಳು ಹೇಳಿದ್ದು ನ್ಯಾಯವಾದ ಮಾತು. ಈಗ ಪ್ರತಿ ತಂತಿಗೂ ಚೀಟಿ ಇದೆ. ಕಪಾಟಿನ ಬಾಗಿಲಿಗೆ ಕನ್ನಡದಲ್ಲಿ ಬರೆದ ಹಾಳೆ ಅಂಟಿಸಿದೆ: ಮೊದಲು ಯಾವ ದೀಪ ನೋಡಬೇಕು, ಯಾವುದನ್ನು ಆರಿಸಿ ಹಚ್ಚಬೇಕು, ಅದಕ್ಕೂ ಆಗದಿದ್ದರೆ ಫೋನಿನ ಹಾಟ್‌ಸ್ಪಾಟ್ ಹೇಗೆ. ದೊಡ್ಡ ಮಗಳು ಆ ಹಾಳೆ ಓದಿ ಎಲ್ಲವನ್ನೂ ನಡೆಸಬಲ್ಲಳು.

ಆ ಹಾಳೆಯಲ್ಲಿ ಗಡಿಯಾರದ ಮಾತೂ ಇದೆ. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ, ಅದೇ ರಾಜ್ಯದೊಳಗಿನ, ಮೂಲನಿವಾಸಿಗಳ ನವಾಹೊ ನೇಷನ್ ಇಡುತ್ತದೆ. ಗಡಿಯ ಹತ್ತಿರ ನಿಂತಾಗ ಫೋನು ಯಾವ ಗೋಪುರ ಹಿಡಿಯಿತೆಂಬುದರ ಮೇಲೆ ಸಮಯ ಒಂದು ಗಂಟೆ ಹಿಂದೆಮುಂದೆ ಜಿಗಿಯುತ್ತದೆ. ನವಾಹೊ ನೆಲದ ಮಾನ್ಯುಮೆಂಟ್ ವ್ಯಾಲಿಯ ಕಡೆ ಹೋಗುವವರು ಲ್ಯಾಪ್‌ಟಾಪಿನ ಸಮಯವಲಯವನ್ನು ಕೈಯಾರೆ ಕಟ್ಟಿಹಾಕಿ.

ಹೊಸದಾಗಿ ಶುರುಮಾಡುವವರು ಎಲ್ಲಿಂದ ತೊಡಗಬೇಕು ಎಂದು ಕೇಳಿದರೆ ನಾನು ಹೇಳುವ ಕ್ರಮ ಇಷ್ಟೇ. ಮೊದಲು ಒಂದು ಒಳ್ಳೆಯ ರೌಟರ್, ಅದಕ್ಕೆ ಸ್ಥಿರವಾದ 12 ವೋಲ್ಟು. ಆಮೇಲೆ ಬೇರೆಬೇರೆ ಕಂಪನಿಗಳ ಎರಡು ಸಿಮ್. ಕೆಲವು ಊರು ಸುತ್ತಿ ಬಂದು, ಅಂಕಿಗಳನ್ನು ಬರೆದಿಟ್ಟುಕೊಂಡು, ಅವು ಬೇಕೆಂದರೆ ಚಾವಣಿಯ ಆಂಟೆನಾ. ಗೋಪುರಗಳೇ ಇಲ್ಲದ ಕಡೆ ಕೆಲಸ ಮಾಡಲೇಬೇಕೆಂದಿದ್ದರೆ ಮಾತ್ರ ಉಪಗ್ರಹ, ಅದಕ್ಕೆ ತಕ್ಕ ಬ್ಯಾಟರಿ. ನಾನು ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಕೊಂಡು ಬಂದೆ. ಮೊದಲ ಎರಡರಲ್ಲೇ ನಿಮ್ಮ ಕೆಲಸ ಮುಗಿದರೆ ಅಲ್ಲಿಗೇ ನಿಲ್ಲಿಸಿ, ಉಳಿದ ಹಣ ಇನ್ನೊಂದು ಊರು ನೋಡುವುದಕ್ಕಾಗುತ್ತದೆ.